ಬಿಸಿಲು ಬಂದರೆ ಹಕ್ಕಿ ಜ್ವರ ಹೋಗುತ್ತಾ?

ಪ್ರಶ್ನೆ: ಚಿಂತಾಮಣಿ ಹತ್ತಿರ ನಮ್ಮದೊಂದು ಬ್ರಾಯ್ಲರ್ ಶೆಡ್ ಇದೆ, ಐದು ಸಾವಿರ ಕೋಳಿ ಹಿಡಿಯುತ್ತದೆ. ಮರಿ, ಫೀಡ್ ಕಂಪನಿಯದು, ಸಾಕುವುದು ನಾವು. ಶೆಡ್‌ನಿಂದ ಕೂಗಳತೆ ದೂರದಲ್ಲೇ ಕೆರೆ. ಮನೆಯಲ್ಲಿ ಅತ್ತೆ ನಾಟಿ ಕೋಳಿ ಸಾಕಿದ್ದಾರೆ. 2025ರಲ್ಲಿ ನಮ್ಮ ಜಿಲ್ಲೆಗೇ ಹಕ್ಕಿ ಜ್ವರ ಬಂದ ಮೇಲೆ ಫೆಬ್ರವರಿ ಬಂತೆಂದರೆ ಭಯ. ‘ಯುಗಾದಿ ಬಿಸಿಲು ಬಿದ್ದರೆ ಎಲ್ಲಾ ಸರಿಹೋಗುತ್ತೆ’ ಅಂತಾರೆ ಮಾವ. ನಿಜವಾ? ಮನುಷ್ಯರಿಗೂ ಅದೇ ಸೀಸನ್‌ನಲ್ಲಿ ಬರುತ್ತಾ? ಮಗಳಿಗೆ ಆರು ವರ್ಷ. ಆ ತಿಂಗಳುಗಳಲ್ಲಿ ಮೊಟ್ಟೆ, ಚಿಕನ್ ಬಿಡಬೇಕಾ?

ಉತ್ತರ: ನಿಮ್ಮ ಮಾವನವರು ಹೇಳಿದ್ದು ಅರ್ಧ ನಿಜ. ಹಕ್ಕಿ ಜ್ವರಕ್ಕೆ ಸೀಸನ್ ಅಂತ ಒಂದಿದೆ, ಅದು ಚಳಿಗಾಲದ ಸುತ್ತಮುತ್ತಲೇ ಇದೆ. ಆದರೆ ಬಿಸಿಲನ್ನು ನಂಬಿ ಕೈಕಟ್ಟಿ ಕೂತರೆ ಕಷ್ಟ.

ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿ. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಫಾರಂನಲ್ಲಿ ಟರ್ಕಿ ಕೋಳಿಗಳು ಸತ್ತಿದ್ದು 2012ರ ಅಕ್ಟೋಬರ್‌ನಲ್ಲಿ. ಬೆಂಗಳೂರಿನ ದಾಸರಹಳ್ಳಿ ಕಡೆ ರೋಗ ಕಾಣಿಸಿದ್ದು 2017ರ ಡಿಸೆಂಬರ್ ಕೊನೆಯಲ್ಲಿ, ಅದು ಹಕ್ಕಿ ಜ್ವರವೇ ಎಂದು ಖಚಿತವಾಗಿದ್ದು ಜನವರಿಯಲ್ಲಿ. ಮೈಸೂರಿಗೆ ಮತ್ತು ಹರಿಹರದ ಬನ್ನಿಕೋಡಿಗೆ ಬಂದಿದ್ದು 2020ರ ಮಾರ್ಚ್‌ನಲ್ಲಿ. ನಿಮ್ಮ ಜಿಲ್ಲೆಯ ವರದಹಳ್ಳಿ, ಸಂಡೂರಿನ ಕುರೇಕುಪ್ಪ ಎಲ್ಲ 2025ರ ಫೆಬ್ರವರಿ, ಮಾರ್ಚ್ ಹೊತ್ತಿಗೆ. ಇಲ್ಲಿಗೆ ನಿಲ್ಲಿಸಿದರೆ ಮಾವನವರೇ ಗೆದ್ದರು. ಆದರೆ ಮಧ್ಯದಲ್ಲಿ 2016 ಬಿಟ್ಟುಹೋಗಿದೆ. ಆ ವರ್ಷ ಬೀದರ್ ಜಿಲ್ಲೆಯ ಹುಮನಾಬಾದ್ ಬಳಿ ಒಂದು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಅದು ಮೇ ತಿಂಗಳು. ಬೀದರಿನ ಮೇ ಬಿಸಿಲು ಎಂಥದ್ದು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ದೇಶದ ಲೆಕ್ಕವೂ ಹೆಚ್ಚು ಕಡಿಮೆ ಹೀಗೇ ಇದೆ. ಭಾರತದಲ್ಲಿ ಮೊದಲ ಸಲ ಕಾಣಿಸಿದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಪಶ್ಚಿಮ ಬಂಗಾಳದಲ್ಲಿ 40 ಲಕ್ಷಕ್ಕೂ ಹೆಚ್ಚು ಕೋಳಿ ಕೊಲ್ಲಬೇಕಾಗಿ ಬಂದ ಆ ದೊಡ್ಡ ಹೊಡೆತ 2008ರ ಜನವರಿಯದು. ಕೇರಳದ ಕುಟ್ಟನಾಡಿನ ಬಾತುಕೋಳಿಗಳಿಗೆ ಬಂದಿದ್ದು 2014ರ ನವೆಂಬರ್‌ನಲ್ಲಿ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಇಡೀ ಜಗತ್ತಿನ ವರದಿಗಳನ್ನು ಜೋಡಿಸಿ ನೋಡಿದಾಗಲೂ ಇದೇ ಗೆರೆ ಸಿಗುತ್ತದೆ: ಸೆಪ್ಟೆಂಬರ್‌ನಲ್ಲಿ ಅತಿ ಕಡಿಮೆ, ಅಕ್ಟೋಬರ್‌ನಿಂದ ಏರಿಕೆ, ಫೆಬ್ರವರಿಯಲ್ಲಿ ತುದಿ.

ಯಾಕೆ ಹೀಗೆ? ಕಾಡು ಬಾತು, ಹೆಬ್ಬಾತುಗಳ ಕಡೆಯಿಂದ ಶುರು ಮಾಡೋಣ. ಈ ವೈರಸ್ಸಿನ ತವರು ನೀರುಹಕ್ಕಿಗಳು. ಸೈಬೀರಿಯ, ಮಂಗೋಲಿಯ, ಟಿಬೆಟ್ ಕಡೆ ಅವು ಬೇಸಿಗೆಯಲ್ಲಿ ಮರಿ ಮಾಡುತ್ತವೆ. ಆ ವರ್ಷದ ಮರಿಗಳಿಗೆ ಈ ವೈರಸ್ಸಿನ ಪರಿಚಯವೇ ಇರುವುದಿಲ್ಲ, ಹಾಗಾಗಿ ಸುಲಭವಾಗಿ ತಗಲುತ್ತದೆ. ದಕ್ಷಿಣಕ್ಕೆ ಹೊರಡುವ ಮುಂಚೆ ಸಾವಿರಾರು ಹಕ್ಕಿಗಳು ಒಂದೇ ಸರೋವರದಲ್ಲಿ ಸೇರುತ್ತವೆ. ಒಂದರ ಹಿಕ್ಕೆ ಬಿದ್ದ ನೀರನ್ನು ಇನ್ನೊಂದು ಕುಡಿಯುತ್ತದೆ. ಹೀಗೆ ವೈರಸ್ ಹೊತ್ತ ಕೆಲವು ಹಕ್ಕಿಗಳು ಹಿಂಡಿನ ಜೊತೆ ಹೊರಟೇಬಿಡುತ್ತವೆ. ಎಷ್ಟೋ ಬಾತುಗಳಿಗೆ ಅದರಿಂದ ಏನೂ ಆಗುವುದಿಲ್ಲ, ಹಾರುತ್ತಲೇ ಇರುತ್ತವೆ.

ನಮ್ಮಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತನ್ನು ತೆಗೆದುಕೊಳ್ಳಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇವನ್ನು ನೋಡಲೆಂದೇ ಜನ ಹೋಗುತ್ತಾರೆ. ನವೆಂಬರ್‌ನಲ್ಲಿ ಬರುತ್ತವೆ, ಮಾರ್ಚ್ ಹೊತ್ತಿಗೆ ಹಿಮಾಲಯ ದಾಟಿ ವಾಪಸ್. ಚೀನಾದ ಚಿಂಗಾಯ್ ಸರೋವರದಲ್ಲಿ 2005ರ ಮೇ, ಜೂನ್‌ನಲ್ಲಿ ಎಚ್5ಎನ್1 ಎಂಬ ಬಗೆಯ ಹಕ್ಕಿ ಜ್ವರದ ವೈರಸ್ಸಿನಿಂದ ಆರು ಸಾವಿರಕ್ಕೂ ಹೆಚ್ಚು ಕಾಡು ಹಕ್ಕಿಗಳು ಸತ್ತವು. ಅದರಲ್ಲಿ ದೊಡ್ಡ ಪಾಲು ಇದೇ ಜಾತಿಯದು. ಅಲ್ಲಿಂದ ಒಂದು ವರ್ಷದೊಳಗೆ ವೈರಸ್ ಯುರೋಪ್, ಆಫ್ರಿಕಾ, ಭಾರತ ಎಲ್ಲ ಮುಟ್ಟಿತು. 2021ರ ಜನವರಿಯಲ್ಲಿ ಹಿಮಾಚಲದ ಪೋಂಗ್ ಅಣೆಕಟ್ಟಿನ ದಡದಲ್ಲಿ ಸಾವಿರಗಟ್ಟಲೆ ವಲಸೆ ಹಕ್ಕಿಗಳು ಸತ್ತು ಬಿದ್ದಾಗಲೂ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ. ಇದನ್ನು ಓದಿ ಕೆರೆಯ ಹಕ್ಕಿಗಳಿಗೆ ಕಲ್ಲು ಹೊಡೆಯಲು ಹೋಗಬೇಡಿ ಮತ್ತೆ! ಓಡಿಸಿದರೆ ಇನ್ನೊಂದು ಕೆರೆಗೆ ಹೋಗಿ ಕೂರುತ್ತವೆ, ಅಷ್ಟೇ. ಅವು ಈ ರೋಗ ತರಬಲ್ಲವು, ಅದರಿಂದ ಸಾಯಲೂ ಬಲ್ಲವು.

ಹಕ್ಕಿ ಬರುವುದು ನವೆಂಬರ್‌ನಲ್ಲಿ, ಆದರೆ ಕೋಳಿ ಸಾಯುವುದು ಫೆಬ್ರವರಿಯಲ್ಲಿ. ಈ ಅಂತರ ಯಾಕೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನಿಮಗೆ ಉಪಯೋಗಕ್ಕೆ ಬರುವ ವಿಷಯ ಇರುವುದೇ ಅಲ್ಲಿ. ಕಾಡು ಹಕ್ಕಿಯಿಂದ ಊರ ಬಾತಿಗೆ, ಅಲ್ಲಿಂದ ಹಿತ್ತಲ ಕೋಳಿಗೆ, ಅಲ್ಲಿಂದ ಶೆಡ್ಡಿಗೆ ದಾಟಲು ಸಮಯ ಬೇಕು. ಬೇಸಿಗೆ ಹತ್ತಿರ ಬಂದಂತೆ ನಮ್ಮ ಕೆರೆಗಳಲ್ಲಿ ನೀರು ಇಳಿಯುತ್ತದೆ. ಉಳಿದ ಗುಂಡಿ ನೀರಿನಲ್ಲೇ ಬಾತು, ಕೊಕ್ಕರೆ, ಕಾಗೆ, ಊರ ಕೋಳಿ ಎಲ್ಲ ಬಾಯಿ ಹಾಕುತ್ತವೆ. ಒಂದು ಸಲ ಶೆಡ್ಡಿನೊಳಗೆ ಬಂತೋ, ಆಮೇಲೆ ಅದಕ್ಕೆ ರೆಕ್ಕೆಯ ಅಗತ್ಯವಿಲ್ಲ. ಮೊಟ್ಟೆ ಟ್ರೇ, ಫೀಡ್ ಚೀಲ, ಬೆಳೆದ ಕೋಳಿ ಒಯ್ಯುವ ಲಿಫ್ಟಿಂಗ್ ಗಾಡಿಯ ಚಕ್ರ, ಕೋಳಿ ಗೊಬ್ಬರದ ಟ್ರ್ಯಾಕ್ಟರ್, ನಾಲ್ಕು ಶೆಡ್ ಸುತ್ತಿ ಬರುವ ಸೂಪರ್‌ವೈಸರ್ ಚಪ್ಪಲಿ, ಇಷ್ಟು ಸಾಕು. ಹುಮನಾಬಾದಿನ ಮೇ ತಿಂಗಳನ್ನು ನೆನೆಸಿಕೊಳ್ಳಿ. ಅಷ್ಟು ಹೊತ್ತಿಗೆ ವಲಸೆ ಹಕ್ಕಿಗಳು ಹೊರಟುಹೋಗಿ ಎಷ್ಟೋ ವಾರ ಆಗಿತ್ತು. ಅಂಥ ಸಮಯದಲ್ಲಿ ಆಕಾಶ ನೋಡುವುದಕ್ಕಿಂತ ರಸ್ತೆ ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈಗ ಬಿಸಿಲಿನ ವಿಷಯ. ಬಿಸಿಲಿಗೆ ವೈರಸ್ ಸಾಯುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಎಷ್ಟು ದಿನಕ್ಕೆ? ಕೋಳಿ ಹಿಕ್ಕೆಯಲ್ಲಿ ಎಚ್5ಎನ್1 ವೈರಸ್ 4 ಡಿಗ್ರಿ ಚಳಿಯಲ್ಲಿ 35 ದಿನ ಉಳಿಯಬಲ್ಲದು. 37 ಡಿಗ್ರಿಯಲ್ಲೂ 6 ದಿನ ಉಳಿಯಬಲ್ಲದು. ಮೂವತ್ತೈದಕ್ಕೆ ಹೋಲಿಸಿದರೆ ಆರು ಕಡಿಮೆ ಅನ್ನಿಸುತ್ತದೆ. ಆದರೆ ಆರು ದಿನದಲ್ಲಿ ಒಂದು ಗಾಡಿ ಎಷ್ಟು ಫಾರಂ ಮುಟ್ಟುತ್ತದೆ ಲೆಕ್ಕ ಹಾಕಿ. ಇನ್ನೊಂದು ವಿಷಯ, ಶೆಡ್ಡಿನ ಒಳಗೆ ಬಿಸಿಲು ಬೀಳುವುದಿಲ್ಲ. ಬೇಸಿಗೆಯಲ್ಲಿ ನಾವೇ ಪರದೆ ಕಟ್ಟಿ, ಮಾಡಿಗೆ ಗೋಣಿಚೀಲ ಹಾಸಿ ನೀರು ಹೊಡೆದು, ಫಾಗರ್ ಹಾಕಿ ತಂಪು ಮಾಡುತ್ತೇವೆ. ಕೋಳಿಗೆ ಹಿತವಾಗಲಿ ಅಂತ ಮಾಡಿದ ಆ ತಂಪು, ಒದ್ದೆ, ನೆರಳು ವೈರಸ್ಸಿಗೂ ಹಿತವೇ. ಅದಕ್ಕೆ ಕೆರೆ ನೀರನ್ನೇ ಟ್ಯಾಂಕರ್‌ನಲ್ಲಿ ತಂದು ಹೊಡೆಯುವವರಿದ್ದಾರೆ. ನಿಮ್ಮ ಮನೆಯಲ್ಲೂ ಹಾಗೆ ಮಾಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಬೋರ್ ನೀರು ಸಾಲದಿದ್ದರೆ, ಕೆರೆ ನೀರನ್ನು ತೊಟ್ಟಿಗೆ ತುಂಬಿ, ಬ್ಲೀಚಿಂಗ್ ಪೌಡರ್ ಹಾಕಿಟ್ಟು ಆಮೇಲೆ ಬಳಸಿ. ಎಷ್ಟು ಹಾಕಬೇಕೆಂದು ನಿಮ್ಮ ಪಶು ವೈದ್ಯರನ್ನು ಕೇಳಿ, ನೀರಿನ ಕೊಳೆ ನೋಡಿ ಅಳತೆ ಬದಲಾಗುತ್ತದೆ.

ಬೇಸಿಗೆಯಲ್ಲಿ ಹಕ್ಕಿ ಜ್ವರ ಕಡಿಮೆ ಎಂದು ಕಾಣುವುದಕ್ಕೆ ಇನ್ನೊಂದು ಕಾರಣವೂ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಏಪ್ರಿಲ್, ಮೇನಲ್ಲಿ ಕೋಳಿ ಸತ್ತರೆ ಯಾರೂ ಗಾಬರಿಯಾಗುವುದಿಲ್ಲ. ಬ್ರಾಯ್ಲರ್ ಸತ್ತರೆ ‘ಸೆಖೆಗೆ ಹೋಯ್ತು’ ಅನ್ನುತ್ತಾರೆ. ನಾಟಿ ಕೋಳಿ ಸತ್ತರೆ ‘ಕೊಕ್ಕರೆ ರೋಗ’ (ರಾಣಿಖೇತ್) ಅನ್ನುತ್ತಾರೆ. ಹೆಚ್ಚಿನ ಸಲ ಅದು ಸರಿಯೂ ಹೌದು. ಕೊಕ್ಕರೆ ರೋಗ ಬೇಸಿಗೆಯಲ್ಲಿ ಹಳ್ಳಿ ಹಳ್ಳಿ ಗುಡಿಸಿಕೊಂಡು ಹೋಗುವುದು ಹೊಸದಲ್ಲ. ಆದರೆ ಕಣ್ಣಿಂದ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಎರಡರಲ್ಲೂ ಮುಖ ಊದಬಹುದು, ಹಸಿರು ಭೇದಿ ಆಗಬಹುದು, ರಾತ್ರಿ ಬೆಳಗಾಗುವುದರೊಳಗೆ ಹತ್ತಾರು ಸಾಯಬಹುದು. ಸ್ಯಾಂಪಲ್ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ ಬಂದ ಮೇಲೇ ಖಚಿತ. ಸ್ಯಾಂಪಲ್ಲೇ ಕಳಿಸದ ಸಾವು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಪಕ್ಕದ ಕೇರಳ 2024ರಲ್ಲಿ ಈ ‘ಬಿಸಿಲಿಗೆ ಹೋಗುತ್ತೆ’ ಲೆಕ್ಕವನ್ನೇ ಉಲ್ಟಾ ಮಾಡಿತು. ಆಲಪ್ಪುಳದಲ್ಲಿ ಬಾತುಕೋಳಿಗಳು ಸಾಯಲು ಶುರುವಾಗಿದ್ದು ಏಪ್ರಿಲ್‌ನಲ್ಲಿ. ಮೇ, ಜೂನ್‌ನಲ್ಲೂ ನಿಲ್ಲಲಿಲ್ಲ, ಅಕ್ಕಪಕ್ಕದ ಜಿಲ್ಲೆಗಳಿಗೂ ಹಬ್ಬಿತು, ಮಳೆ ಬಿದ್ದ ಮೇಲೆ ಕಾಗೆಗಳಲ್ಲೂ ಸಿಕ್ಕಿತು. ಕುಟ್ಟನಾಡಿನಲ್ಲಿ ಭತ್ತ ಕೊಯ್ದ ಗದ್ದೆಗೆ ಬಾತುಕೋಳಿ ಹಿಂಡನ್ನು ಬಿಟ್ಟು ಮೇಯಿಸುತ್ತಾರೆ. ಒಂದು ಗದ್ದೆ ಮುಗಿದರೆ ಮುಂದಿನದು. ಉದುರಿದ ಕಾಳು, ಹುಳ ತಿಂದು ಹಿಂಡು ಬೆಳೆಯುತ್ತದೆ, ಖರ್ಚೂ ಕಡಿಮೆ. ಜೊತೆಗೆ ವೈರಸ್ಸೂ ಗದ್ದೆಯಿಂದ ಗದ್ದೆಗೆ ಹೋಗುತ್ತದೆ. ತಾಯ್ಲೆಂಡ್, ವಿಯೆಟ್ನಾಂಗಳಲ್ಲೂ ಗದ್ದೆಯಲ್ಲಿ ಮೇಯುವ ಬಾತುಕೋಳಿಗೂ ಎಚ್5ಎನ್1ಗೂ ಇದೇ ನಂಟು ಕಂಡಿದೆ. ಅಂಥ ಕಡೆ ವೈರಸ್ ಚಳಿಗಿಂತ ಹೆಚ್ಚಾಗಿ ಸುಗ್ಗಿಯನ್ನು ಹಿಂಬಾಲಿಸುತ್ತದೆ.

ಇದೇ ಲೆಕ್ಕ ನಿಮ್ಮ ಶೆಡ್ಡಿಗೂ ಇದೆ, ಹೊಸತೊಡಕಿನ ರೂಪದಲ್ಲಿ. ಯುಗಾದಿ ಮಾರನೇ ದಿನ ನಮ್ಮ ಕಡೆ ಎಷ್ಟು ಕೋಳಿ ಹೋಗುತ್ತದೆ ನಿಮಗೇ ಗೊತ್ತು. ಆ ದಿನಕ್ಕೆ ಕೋಳಿ ತೂಕಕ್ಕೆ ಬರಬೇಕೆಂದರೆ ಸುಮಾರು ನಲವತ್ತು ದಿನ ಮುಂಚೆ ಮರಿ ಬಿಡಬೇಕು. ಅಂದರೆ ಹೆಚ್ಚಿನ ವರ್ಷ ಫೆಬ್ರವರಿಯಲ್ಲಿ. ಜಗತ್ತಿನಲ್ಲೇ ರೋಗ ತುದಿಯಲ್ಲಿರುವ ತಿಂಗಳಲ್ಲಿ ನಮ್ಮ ಶೆಡ್‌ಗಳು ಒಟ್ಟಿಗೆ ತುಂಬುತ್ತವೆ. ಯುಗಾದಿ ವಾರದಲ್ಲಿ ಲಿಫ್ಟಿಂಗ್ ಗಾಡಿಗಳು ಹಗಲು ರಾತ್ರಿ ಶೆಡ್‌ನಿಂದ ಶೆಡ್‌ಗೆ ಓಡುತ್ತವೆ. ಊರೂರಿನ ಜಾತ್ರೆ, ಮಾರಿಹಬ್ಬಗಳೂ ಆಗಲೇ. ಮಾವನವರು ನೆಚ್ಚಿಕೊಂಡ ಯುಗಾದಿ, ರೋಗ ಮುಗಿಯುವ ಗಡುವಲ್ಲ. ಕೋಳಿ ಅತಿ ಹೆಚ್ಚು ಓಡಾಡುವ ವಾರ.

ಮನುಷ್ಯರ ವಿಷಯಕ್ಕೆ ಬರೋಣ. ಮೊದಲು ಧೈರ್ಯದ ಮಾತು: ಜನರಿಗೆ ಇದು ಬರುವುದು ತೀರಾ ಅಪರೂಪ. 2003ರಿಂದ 2025ರವರೆಗೆ ಇಡೀ ಜಗತ್ತಿನಲ್ಲಿ ಖಚಿತವಾದ ಎಚ್5ಎನ್1 ಪ್ರಕರಣಗಳು ಸಾವಿರದ ಆಸುಪಾಸು. ಆದರೆ ಅವರಲ್ಲಿ ಸುಮಾರು ಅರ್ಧ ಜನ ಸತ್ತಿದ್ದಾರೆ, ಅದಕ್ಕೇ ಇಷ್ಟು ಎಚ್ಚರ. ಇದು ಒಬ್ಬರಿಂದ ಒಬ್ಬರಿಗೆ ಸರಾಗವಾಗಿ ಹರಡುವ ಮಟ್ಟಕ್ಕೆ ಬಂದಿಲ್ಲ. ಹಾಗಾಗಿ ಮಾಮೂಲಿ ಫ್ಲೂಗೆ ಇರುವಂಥ ಸೀಸನ್ ಜನರಲ್ಲಿ ಇದಕ್ಕಿಲ್ಲ. ರೋಗ ಬಂದ ಕೋಳಿಗೆ ಜನ ಯಾವಾಗ ಜಾಸ್ತಿ ಕೈ ಹಾಕುತ್ತಾರೋ ಆಗ ಇದರ ಸೀಸನ್.

ಚೀನಾದ ಎಚ್7ಎನ್9 ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅದು ಎಚ್5ಎನ್1ನ ದಾಯಾದಿ, ಆದರೆ ಇನ್ನೂ ಕಪಟಿ. ಶುರುವಿನ ವರ್ಷಗಳಲ್ಲಿ ಕೋಳಿಗೆ ಏನೂ ಆಗುತ್ತಿರಲಿಲ್ಲ, ಮುಟ್ಟಿದ ಮನುಷ್ಯ ಆಸ್ಪತ್ರೆ ಸೇರುತ್ತಿದ್ದ. 2013ರ ಮಾರ್ಚ್ ಕೊನೆಯಲ್ಲಿ ಬೆಳಕಿಗೆ ಬಂತು. ಏಪ್ರಿಲ್‌ನಲ್ಲಿ ಶಾಂಘೈ ಜೀವಂತ ಕೋಳಿ ಮಾರುವ ಮಾರುಕಟ್ಟೆಗಳನ್ನು ಮುಚ್ಚಿತು, ಕೆಲವೇ ದಿನಗಳಲ್ಲಿ ಹೊಸ ರೋಗಿಗಳು ಬರುವುದು ಹೆಚ್ಚು ಕಡಿಮೆ ನಿಂತೇ ಹೋಯಿತು. ಬೇಸಿಗೆಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಅಕ್ಟೋಬರ್‌ಗೆ ಮತ್ತೆ ಶುರು! ಹೊಸ ವರ್ಷಕ್ಕೆ ಚೀನೀಯರಿಗೆ ಜೀವಂತ ಕೋಳಿಯೇ ಬೇಕು, ಹೊಸ ವರ್ಷ ಬರುವುದು ಜನವರಿ, ಫೆಬ್ರವರಿಯಲ್ಲಿ. ರೋಗಿಗಳ ಸಂಖ್ಯೆಯೂ ಅಲ್ಲೇ ತುದಿ ಮುಟ್ಟುತ್ತಿತ್ತು. ಹೀಗೆ ಐದು ಚಳಿಗಾಲ, ಐದು ಅಲೆ. 2016-17ರದು ಎಲ್ಲಕ್ಕಿಂತ ದೊಡ್ಡದು. ಒಟ್ಟು 1,500ಕ್ಕೂ ಹೆಚ್ಚು ಜನರಿಗೆ ತಗಲಿ 600ಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2017ರ ಸೆಪ್ಟೆಂಬರ್‌ನಲ್ಲಿ ದೇಶದ ಕೋಳಿಗಳಿಗೆಲ್ಲ ಲಸಿಕೆ ಹಾಕಲು ಶುರು ಮಾಡಿದರು. ಮುಂದಿನ ಚಳಿಗಾಲದಲ್ಲಿ ಚಳಿಯೇನೂ ಕಡಿಮೆ ಇರಲಿಲ್ಲ, ಆದರೆ ಮನುಷ್ಯರ ಪ್ರಕರಣಗಳು ಬೆರಳೆಣಿಕೆಗೆ ಇಳಿದವು.

ಈಜಿಪ್ಟಿನಲ್ಲೂ ಜನರಿಗೆ ಬರುತ್ತಿದ್ದುದು ಹೆಚ್ಚಾಗಿ ಚಳಿಗಾಲದಲ್ಲೇ. ಅಲ್ಲಿ ಮನೆಯ ಮಾಳಿಗೆಯಲ್ಲಿ, ಅಂಗಳದಲ್ಲಿ ಕೋಳಿ, ಬಾತು ಸಾಕುತ್ತಾರೆ. ನೋಡಿಕೊಳ್ಳುವವರು, ಕೊಯ್ದು ಪುಕ್ಕ ಕೀಳುವವರು ಹೆಂಗಸರು. ಜೊತೆಗೆ ಆಡುವವರು ಮಕ್ಕಳು. ರೋಗ ತಗಲಿದ್ದೂ ಬಹುಪಾಲು ಅವರಿಗೇ. ಕಾಂಬೋಡಿಯಾದಲ್ಲಿ 2023ರಿಂದ ಮತ್ತೆ ಪ್ರಕರಣಗಳು ಬರುತ್ತಿವೆ. ಹಳ್ಳಿಯಲ್ಲಿ ಕೋಳಿ ಕಾಯಿಲೆ ಬಿದ್ದರೆ ಸಾಯುವ ಮುಂಚೆ ಕೊಯ್ದು ಸಾರು ಮಾಡಿಬಿಡುತ್ತಾರೆ. ನಮ್ಮ ಹಳ್ಳಿಗಳಲ್ಲೂ ಇದು ಇಲ್ಲ ಅನ್ನಲು ಬರುವುದಿಲ್ಲ, ನಿಮ್ಮ ಅತ್ತೆಯವರನ್ನೇ ಕೇಳಿ ನೋಡಿ.

ಅಮೆರಿಕದ ಕೊಲರಾಡೊದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ ಕಾಲದಲ್ಲಿ. 2024ರ ಜುಲೈ, 40 ಡಿಗ್ರಿ ಸೆಖೆ. ರೋಗ ಬಂದ ಲೇಯರ್ (ಮೊಟ್ಟೆ ಕೋಳಿ) ಫಾರಂ ಒಂದರಲ್ಲಿ ಕಾರ್ಮಿಕರು ಕೋಳಿ ಕೊಲ್ಲುತ್ತಿದ್ದರು. ಆ ಸೆಖೆಯಲ್ಲಿ ಮಾಸ್ಕ್, ಕನ್ನಡಕ, ಗೌನ್ ಮೈಮೇಲೆ ನಿಲ್ಲುತ್ತಿರಲಿಲ್ಲ. ದೊಡ್ಡ ಫ್ಯಾನ್‌ಗಳ ಗಾಳಿಗೆ ಪುಕ್ಕ, ಧೂಳು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಹಲವರಿಗೆ ತಗಲಿತು, ಪುಣ್ಯಕ್ಕೆ ಕಣ್ಣು ಕೆಂಪಾಗಿ ಸಣ್ಣ ಜ್ವರದಲ್ಲೇ ಮುಗಿಯಿತು. ಸೆಖೆ ಅಲ್ಲಿ ವೈರಸ್ಸಿಗಿಂತ ಮೊದಲು ಮಾಸ್ಕನ್ನು ಸೋಲಿಸಿತು.

ನಮ್ಮ ದೇಶದಲ್ಲಿ ಎಚ್5ಎನ್1ನಿಂದ ಮೊದಲ ಸಾವು ವರದಿಯಾಗಿದ್ದು 2021ರ ಜುಲೈನಲ್ಲಿ, ಹರಿಯಾಣದ ಒಬ್ಬ ಹುಡುಗ. ಮಳೆಗಾಲ ಅದು. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯಲ್ಲಿ ಎರಡು ವರ್ಷದ ಮಗು ತೀರಿಕೊಂಡಿತು. ಮಗು ಹಸಿ ಕೋಳಿ ಮಾಂಸದ ತುಂಡು ತಿಂದಿತ್ತೆಂದು ಮನೆಯವರು ಹೇಳಿದ್ದರು. ಗೋದಾವರಿ ಜಿಲ್ಲೆಗಳ ಫಾರಂಗಳಲ್ಲಿ ಫೆಬ್ರವರಿಯಲ್ಲಷ್ಟೇ ರೋಗ ಬಂದಿತ್ತು.

ಹಾಗಾದರೆ ನಿಮ್ಮ ಮನೆಯಲ್ಲಿ ಏನು ಮಾಡಬೇಕು? ಸೆಪ್ಟೆಂಬರ್‌ನಲ್ಲಿ ಶುರು ಮಾಡಿ, ಫೆಬ್ರವರಿಯಲ್ಲಲ್ಲ. ರೋಗ ಕಡಿಮೆ ಇರುವ ಆ ತಿಂಗಳಲ್ಲಿ ಹರಿದ ಜಾಲರಿ ಹೊಲಿಸಿ, ಕಾಗೆ ಗುಬ್ಬಿ ಒಳಗೆ ಬಾರದಂತೆ. ಶೆಡ್ ಒಳಗೆ ಹಾಕಲು ಬೇರೆ ಚಪ್ಪಲಿ ಇಡಿ. ನಾನು ಕಂಡಂತೆ ಬಾಗಿಲ ಬಳಿ ಕಾಲು ಅದ್ದಲು ಇಡುವ ಫುಟ್‌ಬಾತ್ ಔಷಧಿ ನೀರು ಹೆಚ್ಚಿನ ಕಡೆ ವಾರಗಟ್ಟಲೆ ಬದಲಾಗುವುದೇ ಇಲ್ಲ, ಅದಕ್ಕಿಂತ ಬೇರೆ ಚಪ್ಪಲಿ ವಾಸಿ. ಸೂಪರ್‌ವೈಸರ್‌ಗೂ ಅದನ್ನೇ ಕೊಡಿ, ಮುಜುಗರ ಬೇಡ. ಅತ್ತೆಯವರ ಕೋಳಿಗಳು ಶೆಡ್ ಹತ್ತಿರವೂ ಕೆರೆ ಹತ್ತಿರವೂ ಸುಳಿಯಬಾರದು. ಇದು ಎಲ್ಲಕ್ಕಿಂತ ಕಷ್ಟದ ಕೆಲಸ ಅಂತ ಗೊತ್ತು, ನಾಟಿ ಕೋಳಿಯನ್ನು ಕಟ್ಟಿಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗಾದರೂ ಜಾಲರಿ ಹಾಕಿದ ಜಾಗದಲ್ಲಿ ಬಿಡಿ. ಅವಕ್ಕೆ ಕೊಕ್ಕರೆ ರೋಗದ ಲಸಿಕೆಯನ್ನೂ ಹಾಕಿಸಿ. ಲಸಿಕೆ ಆದ ಕೋಳಿಗಳು ಇದ್ದಕ್ಕಿದ್ದಂತೆ ಸತ್ತರೆ ಬೇರೇನೋ ಇದೆ ಎಂದು ಬೇಗ ಅನುಮಾನ ಬರುತ್ತದೆ.

ಸಾವು ದಿಢೀರ್ ಏರಿದರೆ, ಯಾವ ತಿಂಗಳೇ ಆಗಲಿ, ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೆರೆಗೆ ಎಸೆಯಬೇಡಿ, ನಾಯಿ ಬೆಕ್ಕಿಗೆ ಹಾಕಬೇಡಿ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕಿದ ಬೆಕ್ಕುಗಳಿಗೂ ಇದು ತಗಲಿದೆ. ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಮುಚ್ಚಿಟ್ಟರೆ ನಷ್ಟ ನಿಮಗೇ. ಸರ್ಕಾರ ಪರಿಹಾರ ಕೊಡುವುದು ತಾನು ಕೊಲ್ಲಿಸಿದ ಕೋಳಿಗೆ, ಅದಕ್ಕೂ ಮುಂಚೆ ಸತ್ತದ್ದಕ್ಕಲ್ಲ. ನಿಮ್ಮದು ಕಂಪನಿ ಕೋಳಿಯಾದ್ದರಿಂದ ಆ ಹಣ ಯಾರ ಕೈಗೆ ಹೋಗುತ್ತದೆ ಎಂದು ಈಗಲೇ ಕರಾರು ತೆಗೆದು ಓದಿ. ರೋಗ ಖಚಿತವಾದರೆ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿ ಕೊಲ್ಲುತ್ತಾರೆ, 10 ಕಿಲೋಮೀಟರ್‌ವರೆಗೆ ಕಣ್ಣಿಡುತ್ತಾರೆ. ಅಕ್ಕಪಕ್ಕದವರ ಸಿಟ್ಟಿಗೆ ಹೆದರಿಯೇ ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ. ಆ ಹೆದರಿಕೆ ಅರ್ಥವಾಗುತ್ತದೆ, ಆದರೆ ಸುಮ್ಮನಿದ್ದರೆ ಪಕ್ಕದ ಶೆಡ್ಡೂ ಹೋಗುತ್ತದೆ.

ಊಟದ ವಿಷಯ ಸುಲಭ. ಚೆನ್ನಾಗಿ ಬೆಂದ ಕೋಳಿ, ಮೊಟ್ಟೆ ಯಾವ ತಿಂಗಳಲ್ಲಾದರೂ ತಿನ್ನಬಹುದು. ಒಳಗಿನವರೆಗೆ 70 ಡಿಗ್ರಿ ಕಾವು ಮುಟ್ಟಿದರೆ ವೈರಸ್ ಸಾಯುತ್ತದೆ, ನಮ್ಮ ಸಾರು ಕುದಿಯುವುದು ಅದಕ್ಕಿಂತ ಎಷ್ಟೋ ಹೆಚ್ಚು ಕಾವಿನಲ್ಲಿ. ಮಗಳಿಗೆ ಹಾಫ್ ಬಾಯ್ಲ್, ಹಸಿ ಮೊಟ್ಟೆ ಮಾತ್ರ ಬೇಡ. ಕೋಳಿ ಕೊಯ್ಯುವಾಗ, ತೊಳೆಯುವಾಗ ಅವಳು ದೂರ ಇರಲಿ. ಹಸಿ ಮಾಂಸ ಕತ್ತರಿಸಿದ ಮಣೆಯಲ್ಲೇ ಸೌತೆಕಾಯಿ ಕತ್ತರಿಸಬೇಡಿ.

ಶೆಡ್‌ನಲ್ಲಿ ಕೆಲಸ ಮಾಡುವ ಮನೆಮಂದಿ ವರ್ಷಕ್ಕೊಮ್ಮೆ ಮಾಮೂಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಅದು ಹಕ್ಕಿ ಜ್ವರ ತಡೆಯುವುದಿಲ್ಲ. ಆದರೆ ಒಬ್ಬರ ಮೈಯಲ್ಲೇ ಎರಡೂ ವೈರಸ್ ಸೇರಿ ಹೊಸತೊಂದು ಹುಟ್ಟುವ ಅವಕಾಶ ಕಡಿಮೆ ಮಾಡುತ್ತದೆ. ನಮ್ಮ ಕಡೆ ಮನುಷ್ಯರ ಫ್ಲೂ ಮಳೆಗಾಲದಲ್ಲಿ ಜಾಸ್ತಿ, ಹಾಗಾಗಿ ಮೇ ಕೊನೆಯೊಳಗೆ ಹಾಕಿಸಿಕೊಂಡರೆ ಸರಿ. ಇನ್ನು, ಕೋಳಿಗಳು ಗುಂಪಾಗಿ ಸತ್ತು ಹತ್ತು ದಿನದೊಳಗೆ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಕಣ್ಣು ಕೆಂಪು, ಏದುಸಿರು ಬಂದರೆ ಮೆಡಿಕಲ್ ಶಾಪ್ ಮಾತ್ರೆ ನುಂಗಿ ಕಾಯಬೇಡಿ. ಫ್ಲೂ ವೈರಸ್ಸಿಗೆ ಡಾಕ್ಟರು ಕೊಡುವ ಆಸೆಲ್ಟಾಮಿವಿರ್ ಮಾತ್ರೆ ಮೊದಲ ಎರಡು ದಿನದಲ್ಲಿ ಶುರುವಾದರೆ ಕೆಲಸ ಮಾಡುವುದು ಜಾಸ್ತಿ. ಡಾಕ್ಟರ ಮುಂದೆ ಕೂತಾಗ ಜ್ವರ ಎಷ್ಟು ದಿನದಿಂದ ಎಂದು ಹೇಳುವ ಮುಂಚೆಯೇ, ನಿಮ್ಮದು ಕೋಳಿ ಶೆಡ್, ಕೋಳಿ ಸತ್ತಿವೆ ಎಂದು ಹೇಳಿ. ನೀವಾಗಿ ಹೇಳದಿದ್ದರೆ ಅದನ್ನು ಕೇಳುವ ಡಾಕ್ಟರು ಕಡಿಮೆ, ಬೇಸಿಗೆಯಲ್ಲಂತೂ ಇನ್ನೂ ಕಡಿಮೆ.